ನೀರಿನ ದಾರಿಯ ಮನೆ ರಿಪೇರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆ ರಿಪೇರಿ ಅಂದ ಕೂಡಲೇ ನಮಗೆ ನೆನಪಾಗುವುದು ಗೋಡೆಯ ಬಣ್ಣ, ನೆಲದ ಟೈಲ್ಸು, ಅಡುಗೆಮನೆಯ ಹೊಸ ಕಪಾಟು. ಅವೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಮನೆ ಮಾಡಿಕೊಂಡಿರುವ ನಾವು ಮೊದಲು ಕೈ ಹಾಕಬೇಕಾದ್ದು ಮನೆಯೊಳಗೆ ನೀರು ಓಡಾಡುವ ದಾರಿಗೆ. ತಾರಸಿ, ಟ್ಯಾಂಕು, ಪೈಪು, ನಲ್ಲಿ, ಇವು ಸರಿಯಿದ್ದರೆ ಉಳಿದದ್ದು ನಿಧಾನಕ್ಕೆ ಆಗುತ್ತದೆ. 1907ರಲ್ಲಿ ಕಟ್ಟಿ ಮುಗಿಸಿದ ನಮ್ಮ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಹರಿದದ್ದು 2022ರಲ್ಲಿ. ನಡುವೆ ಹತ್ತಿರ ಹತ್ತಿರ ತೊಂಬತ್ತು ವರ್ಷ. ಅಣೆಕಟ್ಟು ತುಂಬುವುದಕ್ಕೆ ಮೂರು ತಲೆಮಾರು ಕಾದ ಜಿಲ್ಲೆಯಲ್ಲಿ ಬಚ್ಚಲಮನೆಯ ನಲ್ಲಿ ರಾತ್ರಿಯೆಲ್ಲಾ ತೊಟ್ಟಿಕ್ಕುತ್ತಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ನಾನು ಐಟಿಐ ಹುಡುಗರಿಗೆ ಫಿಟ್ಟರ್ ಕೆಲಸ ಹೇಳಿಕೊಡುವವನು. ಇವತ್ತು ಹೇಳುವುದು ಅವರಿಗಲ್ಲ, ಸ್ಪ್ಯಾನರ್ ಹಿಡಿದೇ ಇಲ್ಲದ ಅಕ್ಕಂದಿರಿಗೆ, ಅಣ್ಣಂದಿರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ.

ತೊಟ್ಟಿಕ್ಕುವ ನಲ್ಲಿಯಿಂದಲೇ ಶುರು ಮಾಡೋಣ. ಸೆಕೆಂಡಿಗೊಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಅದು ಎಷ್ಟು ನೀರು ಅಂತ ಬಾಯಲ್ಲಿ ಹೇಳುವುದಕ್ಕಿಂತ, ರಾತ್ರಿ ಮಲಗುವಾಗ ನಲ್ಲಿಯ ಕೆಳಗೆ ಒಂದು ಬಕೆಟ್ ಇಟ್ಟು ಬೆಳಿಗ್ಗೆ ನೋಡಿ. ಆಮೇಲೆ ಯಾರೂ ನಿಮಗೆ ಬುದ್ಧಿ ಹೇಳಬೇಕಾಗಿಲ್ಲ.

ಹಳೆಯ ಮಾದರಿಯ, ಹಲವು ಸುತ್ತು ತಿರುಗಿಸಬೇಕಾದ ನಲ್ಲಿ ಸೋರುವುದಕ್ಕೆ ಹೆಚ್ಚಾಗಿ ಒಂದೇ ಕಾರಣ, ಒಳಗಿರುವ ರಬ್ಬರ್ ವಾಷರ್. ನಾಲ್ಕಾಣೆ ನಾಣ್ಯದಷ್ಟೂ ಅಗಲವಿಲ್ಲದ ಕರಿ ಬಿಲ್ಲೆ ಅದು. ನಲ್ಲಿ ತಿರುಗಿಸಿದಾಗ ಒಳಗಿನ ಸ್ಪಿಂಡಲ್ ಎಂಬ ಕಡ್ಡಿ ಇಳಿದು ಈ ವಾಷರನ್ನು ಹಿತ್ತಾಳೆಯ ಕಂಠದ ಮೇಲೆ ಒತ್ತುತ್ತದೆ, ನೀರು ನಿಲ್ಲುತ್ತದೆ. ವರ್ಷಗಟ್ಟಲೆ ಒತ್ತಿಸಿಕೊಂಡ ರಬ್ಬರು ಗಡುಸಾಗುತ್ತದೆ, ಅದರ ಮೈಮೇಲೆ ಉಂಗುರದ ಹಾಗೆ ತಗ್ಗು ಬೀಳುತ್ತದೆ. ಆಗ ನಾವು ಮಾಡುವುದೇನು? ಇನ್ನೂ ಜೋರಾಗಿ ತಿರುಗಿಸುತ್ತೇವೆ. ಅದರಿಂದ ವಾಷರ್ ಸೀಳುತ್ತದೆ, ಕಂಠಕ್ಕೂ ಪೆಟ್ಟಾಗುತ್ತದೆ, ಹತ್ತಿಪ್ಪತ್ತು ರೂಪಾಯಿಯ ಕೆಲಸ ಹೊಸ ನಲ್ಲಿಯ ಖರ್ಚಿಗೆ ಬಂದು ನಿಲ್ಲುತ್ತದೆ.

ಮೊದಲು ತಾರಸಿ ಮೇಲಿನ ಟ್ಯಾಂಕಿನ ಗೇಟ್ ವಾಲ್ವ್ ಮುಚ್ಚಿ. ಎಷ್ಟೋ ಮನೆಗಳಲ್ಲಿ ಯಾವ ವಾಲ್ವ್ ಯಾವ ಬಚ್ಚಲಿಗೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ಒಂದು ಭಾನುವಾರ ಕೂತು ಪತ್ತೆ ಮಾಡಿ, ಪೈಪಿನ ಮೇಲೆ ಬಣ್ಣದಲ್ಲಿ ಬರೆದಿಡಿ. ಪೈಪ್ ಒಡೆದ ದಿನ ಆ ಬರಹವೇ ನಿಮ್ಮನ್ನು ಕಾಯುತ್ತದೆ. ವಾಲ್ವ್ ಮುಚ್ಚಿದ ಮೇಲೆ ನಲ್ಲಿ ಬಿಟ್ಟು, ಪೈಪಿನಲ್ಲಿ ಉಳಿದ ನೀರು ಖಾಲಿ ಮಾಡಿ. ಬಚ್ಚಲ ಕಿಂಡಿಯ ಮೇಲೆ ಒಂದು ಬಟ್ಟೆ ಹಾಸಿ, ಸಣ್ಣ ಸ್ಕ್ರೂ ಒಳಗೆ ಬಿದ್ದರೆ ಕೆಲಸ ಅಲ್ಲಿಗೇ ನಿಂತಿತು. ನಲ್ಲಿಯ ತಲೆಯ ಭಾಗಕ್ಕೆ ಸ್ಕ್ರೂ ಸ್ಪ್ಯಾನರ್ ಕಚ್ಚಿಸಿ ಎಡಕ್ಕೆ ತಿರುಗಿಸಿದರೆ ಸ್ಪಿಂಡಲ್ ಸಮೇತ ಹೊರಗೆ ಬರುತ್ತದೆ. ತುದಿಯಲ್ಲಿರುವುದೇ ವಾಷರ್. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಅರ್ಧ ಇಂಚು ಅಂತ ಬಾಯಲ್ಲಿ ಕೇಳಿ ತಂದ ವಾಷರ್ ಕೂರದೆ ಇರಬಹುದು, ಹಳೆಯದರ ಮೇಲೆ ಹೊಸದನ್ನು ಇಟ್ಟು ನೋಡಿ ತಂದದ್ದು ಕೂತೇ ಕೂರುತ್ತದೆ.

ಹೊಸ ಮನೆಗಳ ಅರ್ಧ ಸುತ್ತಿನ ನಲ್ಲಿಯಲ್ಲಿ ವಾಷರ್ ಇರುವುದಿಲ್ಲ. ಅದರೊಳಗೆ ಪಿಂಗಾಣಿಯ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರುತ್ತವೆ. ಅದು ಸೋರಿದರೆ ಸ್ಪಿಂಡಲ್ ಪೂರ್ತಿ ಬದಲಾಯಿಸಬೇಕು, ಆದರೆ ಬಿಚ್ಚುವ ಕ್ರಮ ಹೆಚ್ಚುಕಡಿಮೆ ಇದೇ.

ಇಡೀ ನಲ್ಲಿಯನ್ನೇ ಬದಲಿಸುವುದಾದರೆ ಟೆಫ್ಲಾನ್ ಟೇಪ್, ಅಂದರೆ ಜೋಡಣೆ ಸೋರದಂತೆ ಸುತ್ತುವ ತೆಳು ಪಟ್ಟಿ, ಅದನ್ನು ಸುತ್ತುವ ದಿಕ್ಕು ನೋಡಿಕೊಳ್ಳಿ. ನಲ್ಲಿಯ ಮರೆ, ಅಂದರೆ ತಿರುಪಿನ ಗೆರೆಗಳಿರುವ ತುದಿ, ನಿಮ್ಮ ಕಡೆ ಮುಖ ಮಾಡಿರಲಿ, ಟೇಪು ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬಿಗಿಯಾಗಿ ಸುತ್ತುತ್ತಾ ಹೋಗಲಿ. ಉಲ್ಟಾ ಸುತ್ತಿದರೆ ನಲ್ಲಿ ಕೂರಿಸುವಾಗ ಟೇಪು ಬಿಚ್ಚಿಕೊಂಡು ಮುದ್ದೆಯಾಗುತ್ತದೆ, ಸೋರುವುದು ಸೋರುತ್ತಲೇ ಇರುತ್ತದೆ.

ಕಣ್ಣಿಗೆ ಕಾಣದ ಸೋರಿಕೆ ಇನ್ನೊಂದಿದೆ, ಪಾಯಿಖಾನೆಯ ಫ್ಲಶ್ ಟ್ಯಾಂಕು. ಜಿಲೇಬಿಗೆ ಹಾಕುವ ಬಣ್ಣ ಒಂದು ಚಿಟಿಕೆ ಅದರ ನೀರಿಗೆ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡದೆ ಬಿಡಿ. ಕೆಳಗಿನ ಬೇಸಿನ್ನಿನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಸೀಲ್ ಹೋಗಿದೆ ಅಂತ. ತಾರಸಿ ಟ್ಯಾಂಕು ತುಂಬಿ ಹರಿಯುತ್ತಿದ್ದರೆ, ಟ್ಯಾಂಕು ತುಂಬಿದಾಗ ನೀರು ನಿಲ್ಲಿಸುವ ತೇಲುಚೆಂಡಿನ ವಾಲ್ವ್ ಆದ ಬಾಲ್ ಕಾಕ್ ನೋಡಿ, ಚೆಂಡು ತೂತಾಗಿ ನೀರು ತುಂಬಿಕೊಂಡಿದ್ದರೆ ಅದು ತೇಲುವುದಿಲ್ಲ. ಇಷ್ಟೇ.

ಈಗ ನಮ್ಮ ಬೋರ್ ನೀರಿನ ವಿಚಾರ. ನಲ್ಲಿಯ ಬಾಯಿಗೆ, ಶವರ್ ಜಾಲರಿಗೆ, ಪಾತ್ರೆಯ ತಳಕ್ಕೆ ಕಟ್ಟುವ ಬಿಳಿ ಪೊರೆ ಇದೆಯಲ್ಲ, ಅದು ಬಹುಪಾಲು ಸುಣ್ಣದಂಶ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಕಾಯಿಸಿದಾಗ ಮತ್ತು ಆರಿದಾಗ ಕಲ್ಲಾಗಿ ಕೂರುತ್ತದೆ. ಸುಣ್ಣಕ್ಕೆ ಹುಳಿ ಮದ್ದು. ಶವರ್ ಜಾಲರಿ ಬಿಚ್ಚಿ, ವಿನೆಗರ್ ಅಥವಾ ನಿಂಬೆರಸ ಬೆರೆಸಿದ ಬಿಸಿನೀರಿನಲ್ಲಿ ಒಂದೆರಡು ಗಂಟೆ ನೆನೆಹಾಕಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಸೂಜಿ ಹಾಕಿ ತೂತು ದೊಡ್ಡದು ಮಾಡಬೇಡಿ. ಆಸಿಡ್ ಬಾಟಲಿ ಮಾತ್ರ ಬೇಡವೇ ಬೇಡ. ನಲ್ಲಿಯ ಮೇಲಿನ ಹೊಳಪು ಹೋಗುತ್ತದೆ, ಅದರ ಹೊಗೆ ಶ್ವಾಸಕೋಶಕ್ಕೆ ಹೋಗುತ್ತದೆ. ಬ್ಲೀಚಿಂಗ್ ಪುಡಿಯ ಜೊತೆ ಆಸಿಡ್ ಬೆರೆತರೆ ವಿಷಗಾಳಿಯೇ ಏಳುತ್ತದೆ.

ಇದೇ ಸುಣ್ಣ ಗೀಸರಿನ ಕಾಯಿಲ್ ಮೇಲೂ ಕಟ್ಟುತ್ತದೆ. ಪೊರೆ ದಪ್ಪಗಾದಷ್ಟೂ ನೀರು ಕಾಯುವುದು ತಡ, ಕರೆಂಟು ಜಾಸ್ತಿ, ಕಾಯಿಲ್ ಬೇಗ ಸುಡುತ್ತದೆ. ಆದರೆ ಗೀಸರ್ ಬಿಚ್ಚುವ ಕೆಲಸ ನಿಮ್ಮದಲ್ಲ, ಅದನ್ನು ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡಿ. ನೀರು ಮತ್ತು ಕರೆಂಟು ಒಟ್ಟಿಗೆ ಇರುವ ಕಡೆ ಧೈರ್ಯ ತೋರಿಸಬಾರದು. ಹೀಟರ್ ರಾಡ್ ಬಕೆಟ್ಟಿನಲ್ಲಿರುವಾಗ ಬೆರಳದ್ದಿ ಬಿಸಿ ನೋಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಇನ್ನೂ ಇದೆ. ದಯವಿಟ್ಟು, ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ರಾಡ್ ಹೊರಗೆ ತೆಗೆದ ಮೇಲೆಯೇ ನೀರು ಮುಟ್ಟಿ.

ಕರೆಂಟಿನ ಕಡೆ ನೀವೇ ಮಾಡಬಹುದಾದ ದೊಡ್ಡ ಕೆಲಸವೊಂದಿದೆ, ಅದಕ್ಕೆ ಬೇಕಾದ್ದು ಒಂದು ಕೊಡ ನೀರು. ಮನೆಯ ಹೊರಗೆ ಅರ್ಥಿಂಗ್ ಗುಂಡಿ ಇರುತ್ತದೆ, ಇದ್ದಿಲು, ಉಪ್ಪು ಹಾಕಿ ಪೈಪ್ ಹೂತಿರುವ ಜಾಗ. ಅದು ಕೆಲಸ ಮಾಡುವುದು ಮಣ್ಣಿನಲ್ಲಿ ತೇವ ಇದ್ದಾಗ. ಫೆಬ್ರವರಿಯಿಂದ ಮೇವರೆಗೆ ನಮ್ಮ ನೆಲ ಬಿರುಕು ಬಿಡುವಷ್ಟು ಒಣಗುತ್ತದೆ. ಒಣ ಮಣ್ಣು ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಸುವುದಿಲ್ಲ, ಫ್ರಿಜ್ಜು, ವಾಷಿಂಗ್ ಮಷೀನು ಮುಟ್ಟಿದರೆ ಜುಮ್ಮೆನ್ನುವುದಕ್ಕೆ ಇದೂ ಒಂದು ಕಾರಣ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕಿ, ತರಕಾರಿ ತೊಳೆದ ನೀರಾದರೂ ಸಾಕು. ಜುಮ್ಮೆನ್ನುವುದು ನಿಲ್ಲದಿದ್ದರೆ ಎಲೆಕ್ಟ್ರಿಷಿಯನ್ನನ್ನು ಅವತ್ತೇ ಕರೆಸಿ. ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಇದ್ದರೆ ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ. ಟಪ್ಪೆಂದು ಕರೆಂಟು ಹೋಗಬೇಕು. ಹೋಗದಿದ್ದರೆ ಅದು ನಿಮ್ಮನ್ನು ಕಾಯುತ್ತಿಲ್ಲ.

ಇನ್ನು ತಾರಸಿಗೆ ಹತ್ತೋಣ. ನಮ್ಮ ಹಿರಿಯರ ಮಾಳಿಗೆ ಮನೆಗಳನ್ನು, ಮಣ್ಣಿನ ಚಪ್ಪಟೆ ಸೂರಿನ ಮನೆಗಳನ್ನು, ನೆನಪಿಸಿಕೊಳ್ಳಿ. ಮಳೆಗಾಲಕ್ಕೆ ಮುಂಚೆ ಗಾಡಿಯಲ್ಲಿ ಕರಲು ಮಣ್ಣು ತಂದು ಮಾಳಿಗೆ ಮೇಲೆ ಹರಡುತ್ತಿದ್ದರು. ಹೊಲಕ್ಕೆ ಬಾರದ ಚೌಳು ಮಣ್ಣು ಮಾಳಿಗೆಗೇ ಯಾಕೆ? ಅದರಲ್ಲಿ ಸೋಡಿಯಂ ಅಂಶ ಹೆಚ್ಚು. ಮಳೆ ಬಿದ್ದೊಡನೆ ಅದರ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಬೆಳೆಗೆ ಕೇಡಾದ ಗುಣವೇ ಸೂರಿಗೆ ಕಾವಲಾಯಿತು. ಪ್ರಯೋಗಾಲಯವಿಲ್ಲದೆ ಇದನ್ನು ಕಂಡುಕೊಂಡವರ ಮೇಲೆ ನನಗೆ ಅಪಾರ ಗೌರವ. ವರ್ಷ ವರ್ಷ ತಪ್ಪದೆ ಮಾಳಿಗೆ ಹತ್ತುತ್ತಿದ್ದ ಅವರ ಶಿಸ್ತನ್ನು ಆರ್‌ಸಿಸಿ, ಅಂದರೆ ಕಾಂಕ್ರೀಟ್ ತಾರಸಿ, ಬಂದ ಮೇಲೆ ನಾವು ಬಿಟ್ಟುಬಿಟ್ಟೆವು.

ಆರ್‌ಸಿಸಿ ಸೋರುವುದಕ್ಕೂ ಮೊದಲ ಕಾರಣ ನೀರು ನಿಲ್ಲುವುದು. ಮಳೆನೀರಿನ ಪೈಪಿನ ಬಾಯಿಗೆ ಬೇವಿನ ಎಲೆ, ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡಿದ್ದರೆ ತೆಗೆಯಿರಿ. ನಾಲ್ಕು ಬಕೆಟ್ ನೀರು ಸುರಿದು ನೋಡಿ, ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ. ಬಿರುಕು ಹುಡುಕುವುದಕ್ಕೆ ಒದ್ದೆ ತಾರಸಿ ಆರುವ ಹೊತ್ತೇ ಸರಿ, ಸುತ್ತಲೂ ಆರಿದರೂ ಬಿರುಕಿನ ಗೆರೆ ಇನ್ನೂ ಕಪ್ಪಗೆ ಕಾಣುತ್ತದೆ. ಆ ಬಿರುಕನ್ನು ಉಳಿಯಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಸ್ವಲ್ಪ ಅಗಲ ಮಾಡಿ, ಧೂಳು ಪೂರ್ತಿ ಗುಡಿಸಿ, ಆಮೇಲೆ ಕ್ರ್ಯಾಕ್ ಫಿಲ್ಲರ್ ತುಂಬಬೇಕು. ಧೂಳಿನ ಮೇಲೆ ಬಳಿದದ್ದು ಧೂಳಿಗೇ ಅಂಟುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾಂಕ್ರೀಟು ಹಿಗ್ಗಿ ಬಿರುಕು ಕಿರಿದಾಗುತ್ತದೆ, ಬೆಳಿಗ್ಗೆ ತಂಪಿನಲ್ಲಿ ಬಾಯಿ ಬಿಡುತ್ತದೆ. ಅದಕ್ಕೇ ಬೆಳಿಗ್ಗೆಯೇ ತುಂಬಿ.

ಈ ಕೆಲಸಕ್ಕೆ ಏಪ್ರಿಲ್ ಸರಿ. ತಪ್ಪಿದರೆ ಆಷಾಢ ಇದೆ. ನಮ್ಮ ಕಡೆ ಆಗ ಮಳೆಗಿಂತ ಗಾಳಿ ಜಾಸ್ತಿ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳನ್ನು ನೋಡಿದವರಿಗೆ ಗೊತ್ತು. ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ, ಅಷ್ಟರೊಳಗೆ ಮುಗಿಸಬಹುದು. ಆದರೆ ಆ ಗಾಳಿ ಸಿಮೆಂಟಿನ ತೇವವನ್ನು ಬೇಗ ಎಳೆದುಬಿಡುತ್ತದೆ. ಸಿಮೆಂಟ್ ತೇಪೆ ಹಾಕಿದ್ದರೆ ಅದರ ಮೇಲೆ ಒದ್ದೆ ಗೋಣಿಚೀಲ ಹಾಸಿ, ಒಂದು ವಾರ ಆರದ ಹಾಗೆ ನೋಡಿಕೊಳ್ಳಿ.

ತಾರಸಿ ಚೊಕ್ಕಟವಾಯಿತು ಅಂದರೆ ಮಳೆನೀರು ಹಿಡಿಯುವುದಕ್ಕೆ ಅರ್ಧ ಕೆಲಸ ಆದ ಹಾಗೆ. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರಡಿ ತಾರಸಿ ಅಂದರೆ ಸುಮಾರು 93 ಚದರ ಮೀಟರ್. ಒಂದು ಸಂಜೆ 20 ಮಿಲಿಮೀಟರ್ ಹದ ಮಳೆ ಬಂದರೆ 1,860 ಲೀಟರ್. ಐದರಲ್ಲೊಂದು ಪಾಲು ಹೋದರೂ ಸುಮಾರು 1,500 ಲೀಟರ್ ಕೈಗೆ ಸಿಗುತ್ತದೆ. ಒಂದೇ ಸಂಜೆಗೆ! ದುರ್ಗದ ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ಮಾಡಿದವರು ಬಂಡೆಯ ಮೇಲೆ ಬಿದ್ದ ಮಳೆಯನ್ನೇ ನಂಬಿದ್ದರು, ಮೇಲಿನದು ತುಂಬಿದರೆ ಕೆಳಗಿನದಕ್ಕೆ ಹರಿಯುವ ಹಾಗೆ ದಾರಿ ಮಾಡಿದ್ದರು. ಬಂಡೆ ಮಾಡಿದ ಕೆಲಸವನ್ನು ನಮ್ಮ ತಾರಸಿಯೂ ಮಾಡಬಲ್ಲದು.

ಮಳೆನೀರಿಗೆ ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಬೆಲೆ ಇದೆ. ಚಿತ್ರದುರ್ಗದ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ಭಾರತೀಯ ಮಾನಕ. ಮೀರಿದ ನೀರು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ದೊಡ್ಡವರಿಗೆ ಮೂಳೆ ಕೀಲಿನ ನೋವು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ಅದರ ಸಾಂದ್ರತೆ ಏರುತ್ತದೆ. ಮರಳು ಇದ್ದಿಲಿನ ಸೋಸುವಿಕೆಗೂ ಅದು ಬಗ್ಗುವುದಿಲ್ಲ. ನಿಮ್ಮ ಬೋರ್ ನೀರನ್ನು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಒಮ್ಮೆ ತೋರಿಸಿ. ಆಕಾಶದಿಂದ ಬೀಳುವ ನೀರಿಗೆ ಆ ಕಾಟ ಇಲ್ಲ. ಶುದ್ಧವಾಗಿ ಹಿಡಿದು, ಸೋಸಿ, ಕುದಿಸಿದರೆ ಅಡುಗೆಗೂ ಕುಡಿಯುವುದಕ್ಕೂ ಆಗುತ್ತದೆ.

ಕಟ್ಟುವುದು ಹೀಗೆ. ತಾರಸಿಯಿಂದ ಇಳಿಯುವ ಪಿವಿಸಿ ಪೈಪಿಗೆ ಸೊಂಟದೆತ್ತರಕ್ಕೆ ಒಂದು ಟೀ, ಅಂದರೆ ಇಂಗ್ಲಿಷಿನ ಟಿ ಅಕ್ಷರದಂಥ ಮೂರು ಬಾಯಿಯ ಜೋಡಣೆ, ಹಾಕಿ, ಅಲ್ಲಿಂದ ಕವಲು ಸೋಸುವ ಡ್ರಮ್ಮಿಗೆ ಹೋಗಲಿ. ನೇರ ಪೈಪು ನೆಲದ ತನಕ ಇಳಿದು, ತುದಿಗೆ ತಿರುಗಿಸಿ ಮುಚ್ಚುವ ಕ್ಯಾಪ್ ಇರಲಿ. ಡ್ರಮ್ಮಿನಲ್ಲಿ ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ನೈಲಾನ್ ಜಾಲರಿ, ಮೇಲೆ ತೊಳೆದ ಮರಳು. ಪೈಪ್ ಜೋಡಿಸುವಾಗ ಎರಡೂ ಮೈ ಒಣಗಿರಬೇಕು, ಮರಳು ಕಾಗದದಿಂದ ಉಜ್ಜಿ, ಪೈಪಿನ ಅಂಟು, ಅಂದರೆ ಸಲ್ಯೂಷನ್, ಬಳಿದು, ಒಳಗೆ ತಳ್ಳಿ ಕಾಲು ಸುತ್ತು ತಿರುಗಿಸಿ ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಡ್ರಮ್ಮಿನಲ್ಲಿ ಸೋಸಿದ ನೀರು ಸೇರುವ ಟ್ಯಾಂಕಿಗೆ ಬೆಳಕು ಬಿದ್ದರೆ ಪಾಚಿ, ಸಂದು ಬಿಟ್ಟರೆ ಸೊಳ್ಳೆ. ಎರಡಕ್ಕೂ ಬಿಗಿಯಾದ ಮುಚ್ಚಳವೇ ಉತ್ತರ.

ಈ ಕ್ಯಾಪಿನ ಕೆಲಸ ಮನೆಯ ಮಕ್ಕಳಿಗೆ ವಹಿಸಿ, ಹೆಣ್ಣುಮಕ್ಕಳಿಗೂ ವಹಿಸಿ. ಮಳೆ ಶುರುವಾದಾಗ ಕ್ಯಾಪ್ ಬಿಚ್ಚಿರಬೇಕು, ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ಕೊಚ್ಚಿ ನೆಲಕ್ಕೆ ಹೋಗಬೇಕು. ಹತ್ತು ನಿಮಿಷ ಕಳೆದು ನೀರು ತಿಳಿಯಾಗಿ ಬೀಳತೊಡಗಿದಾಗ ಕ್ಯಾಪ್ ಮುಚ್ಚಿದರೆ ನೀರು ಪೈಪಿನಲ್ಲಿ ಮೇಲೇರಿ ಕವಲಿನಿಂದ ಡ್ರಮ್ಮಿಗೆ ಹೊರಳುತ್ತದೆ. ವರ್ಷದ ಮೊದಲ ಮಳೆಯನ್ನು ಮಾತ್ರ ಪೂರ್ತಿ ಹೊರಗೇ ಬಿಡಿ. ಮಳೆ ನಿಂತ ಮೇಲೆ ಕ್ಯಾಪ್ ಮತ್ತೆ ಬಿಚ್ಚಿ ಪೈಪಿನಲ್ಲಿ ಉಳಿದ ನೀರನ್ನು ಗಿಡಕ್ಕೆ ಹರಿಸಿ, ಬಿಚ್ಚಿದ ಕ್ಯಾಪನ್ನು ದಾರ ಕಟ್ಟಿ ಅದೇ ಪೈಪಿಗೆ ತೂಗುಹಾಕಿ. ಕಳೆದುಹೋಗುವ ಸಾಮಾನು ಅದು.

ನಮಸ್ಕಾರ.