ಎಣ್ಣೆ ಒಂದೇ ಪೈಪಲ್ಲಿ ಬರ್ತದೆ, ಅಡಿಕೆ ಹಾಗಲ್ಲ

ಎಲ್ರಿಗೂ ನಮಸ್ಕಾರ. ಗ್ರಂಥಾಲಯದವರು ಅರ್ಧ ಗಂಟೆ ಕೊಟ್ಟಿದ್ದಾರೆ, ಕರೆಂಟ್ ಇರುವಷ್ಟರಲ್ಲಿ ಮುಗಿಸ್ತೇನೆ. ವಿಷಯ ಎಣ್ಣೆ ಅಂತ ಹಾಕಿದ್ದಾರೆ, ತೆಂಗಿನೆಣ್ಣೆ ಅಲ್ಲ ಮಾರಾಯ್ರೆ, ಪೆಟ್ರೋಲಿನ ಎಣ್ಣೆ. ಅದು ಸಿಕ್ಕಿದ ಎಷ್ಟೋ ದೇಶಗಳಲ್ಲಿ ಜನರ ಮಾತು ಯಾಕೆ ನಡೆಯುವುದಿಲ್ಲ, ಲಂಚ, ಜಗಳ ಯಾಕೆ ಜಾಸ್ತಿ ಅಂತ. ನಮಗೆಂತ ಸಂಬಂಧ ಅಂತ ಕೇಳ್ಬೇಡಿ, ಬದಿಯಡ್ಕದಿಂದ ಕುಂಬಳೆಗೆ ಬಸ್ಸಲ್ಲಿ ಹೋಗುವಾಗ ಎರಡೂ ಬದಿ ಕಾಣುವ ಮನೆಗಳಲ್ಲಿ ಗಲ್ಫ್ ದುಡ್ಡಿಲ್ಲದೆ ಎದ್ದದ್ದು ಎಷ್ಟುಂಟು, ನೀವೇ ಎಣಿಸಿ.

ಕಳೆದ ಗ್ರಾಮಸಭೆಯಲ್ಲಿ ನಮ್ಮ ವಾರ್ಡಿನವರು ರಸ್ತೆ ಗುಂಡಿಗೆ ಗಲಾಟೆ ಮಾಡಿದ್ರಲ್ಲ, ಒಬ್ರು ಕಟ್ಟಡ ತೆರಿಗೆ ರಶೀದಿ ಎತ್ತಿ ಹಿಡ್ಕೊಂಡೇ ಮಾತಾಡಿದ್ರು. ಆ ರಶೀದಿ ಉಂಟಲ್ಲ, ನಾನು ಹೇಳ್ಲಿಕ್ಕೆ ಬಂದದ್ದು ಅದನ್ನೇ. ಎಣ್ಣೆ ಮಾರಿ ಬದುಕುವ ಸರ್ಕಾರಕ್ಕೆ ಜನರ ತೆರಿಗೆ ಬೇಡ, ಹಾಗಾಗಿ ಎತ್ತಿ ಹಿಡಿದು ಲೆಕ್ಕ ಕೇಳ್ಲಿಕ್ಕೆ ಜನರ ಕೈಯಲ್ಲಿ ರಶೀದಿಯೂ ಇಲ್ಲ. ಕುವೈಟಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ಅಲ್ಲಿಯ ಪ್ರಜೆಗಳಲ್ಲಿ ಹೆಚ್ಚಿನವರಿಗೆ ಕೆಲಸ ಸರ್ಕಾರದ್ದೇ. ಪಾರ್ಲಿಮೆಂಟ್ ಇರ್ಲಿಲ್ಲ ಅಂತಲ್ಲ, ಅಕ್ಕಪಕ್ಕದ ದೇಶಗಳಿಗಿಂತ ಜೋರಾಗಿಯೇ ಜಗಳ ಆಡುವ ಸಭೆ ಇತ್ತು, ಆದ್ರೆ 1976ರಲ್ಲಿ ಒಮ್ಮೆ, 1986ರಲ್ಲಿ ಒಮ್ಮೆ, ಮತ್ತೆ 2024ರ ಮೇಯಲ್ಲಿ ಅಮೀರರು, ಅಂದ್ರೆ ಅಲ್ಲಿಯ ದೊರೆಗಳು, ಅದರ ಬಾಗಿಲು ಹಾಕಿಸಿದ್ರು.

ಇನ್ನು ಲಂಚದ ವಿಷಯ. ನಮ್ಮ ಅಡಿಕೆ ಸಾವಿರ ತೋಟದಲ್ಲಿ ಆಗ್ತದೆ, ಯಾರಾದ್ರೂ ಅಷ್ಟನ್ನೂ ನುಂಗ್ಬೇಕು ಅಂದ್ರೆ ಮನೆಮನೆ ಅಂಗಳಕ್ಕೆ ಹೋಗ್ಬೇಕು. ಎಣ್ಣೆ ಹಾಗಲ್ಲ, ಒಂದು ಬಾವಿ, ಒಂದು ಪೈಪ್, ಒಬ್ಬನ ಸಹಿ, ಆ ಕುರ್ಚಿ ಸಿಕ್ಕಿದವನಿಗೆ ದೇಶದ ತಿಜೋರಿಯೇ ಸಿಕ್ಕಿದ ಹಾಗೆ, ಅದಕ್ಕೇ ಆ ಕುರ್ಚಿಗೆ ಅಷ್ಟು ಸಲ ಬಂದೂಕು ಹಿಡ್ಕೊಂಡು ಬರುವುದು. ನೈಜೀರಿಯದಲ್ಲಿ 1956ರಲ್ಲಿ ಒಲೊಯ್ಬಿರಿ ಅನ್ನುವ ಊರಲ್ಲಿ ಎಣ್ಣೆ ಸಿಕ್ತು. ಆಮೇಲೆ ಮಿಲಿಟರಿಯವರು ಒಬ್ಬರ ಹಿಂದೆ ಒಬ್ಬರು ಬಂದ್ರು, ಜನರಲ್ ಅಬಾಚ 1993ರಿಂದ 98ರಲ್ಲಿ ಸಾಯುವವರೆಗೆ ಬಾಚಿದ್ದು ಎಷ್ಟು ಅಂದ್ರೆ 2020ರಲ್ಲೂ ಜೆರ್ಸಿ ದ್ವೀಪದ ಖಾತೆಯಿಂದ 30 ಕೋಟಿ ಡಾಲರಿಗಿಂತ ಹೆಚ್ಚು ವಾಪಸ್ ಬಂತು. ಎಣ್ಣೆಯಿಂದ ನಮ್ಮ ನೆಲ, ನೀರು ಹಾಳಾಯ್ತು ಅಂತ ಕೇಳಿದ ಅಲ್ಲಿಯ ಲೇಖಕ ಕೆನ್ ಸಾರೊ ವಿವಾರನ್ನೂ ಜೊತೆಗಿದ್ದ ಎಂಟು ಮಂದಿಯನ್ನೂ 1995ರಲ್ಲಿ ಗಲ್ಲಿಗೆ ಹಾಕಿದ್ದು ಇದೇ ಅಬಾಚ.

ರೇಟು ಬಿದ್ರೆ ಮತ್ತೊಂದು ಕಥೆ. ಅಡಿಕೆಗೆ ಒಳ್ಳೆ ರೇಟಿರುವಾಗ ಸಾಲ ಮಾಡಿ ಕಾರು ತಗೊಂಡವರ ಪಾಡು ನಾನು ಹೇಳ್ಬೇಕಾಗಿಲ್ಲ, ಇಲ್ಲೇ ಮುಂದೆ ಕೂತವರು ನಗ್ತಿದ್ದಾರೆ. ವೆನಿಜುವೆಲದ್ದೂ ಅದೇ, 2014ರಲ್ಲಿ ಎಣ್ಣೆ ಬ್ಯಾರೆಲಿಗೆ 100 ಡಾಲರ್ ದಾಟಿದ್ದು 2016ರ ಜನವರಿಗೆ 30ಕ್ಕಿಂತ ಕೆಳಗೆ, ಖಜಾನೆ ಖಾಲಿ, ವಿರೋಧ ಮಾಡಿದವರು ಜೈಲಿಗೆ, 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು ಹೋದ್ರು.

ಎಣ್ಣೆ ಇದ್ದೂ ನಾರ್ವೆ ಯಾಕೆ ಹಾಗಾಗ್ಲಿಲ್ಲ ಅಂತ ಕೇಳ್ತೀರಿ, ಗೊತ್ತು. ಅಲ್ಲಿ 1969ರಲ್ಲಿ ಎಣ್ಣೆ ಸಿಗುವ ಮೊದ್ಲೇ ಓಟು, ತೆರಿಗೆ, ಲೆಕ್ಕ ಕೇಳುವ ಅಭ್ಯಾಸ ಎಲ್ಲ ಇತ್ತು, ಅಷ್ಟೇ.

ಇನ್ನು ನನ್ನ ಭಾವನ ಕಥೆ. 1990ರ ಆಗಸ್ಟ್ 2ಕ್ಕೆ ಇರಾಕಿನ ಸದ್ದಾಂ ಕುವೈಟಿಗೆ ನುಗ್ಗಿದಾಗ ಭಾವ ಅಲ್ಲಿದ್ರು. ಇರಾನ್ ಯುದ್ಧದ ಸಾಲ ತಲೆ ಮೇಲಿತ್ತು, ಕುವೈಟ್ ಜಾಸ್ತಿ ಎಣ್ಣೆ ತೆಗೆದು ರೇಟು ಬೀಳಿಸ್ತಿದೆ ಅಂತ ಸದ್ದಾಮಿಗೆ ಸಿಟ್ಟು. ಭಾವ ಜೋರ್ಡಾನಿನ ಅಮ್ಮಾನ್ ತಲುಪಿ ಏರ್ ಇಂಡಿಯಾ ಹತ್ತಿ ಬಂದ್ರು, ಹಾಗೆ ಬಂದ ನಮ್ಮವರು ಒಂದು ಲಕ್ಷಕ್ಕೂ ಮೇಲೆ. ಎಷ್ಟೋ ವರ್ಷ ಕಳೆದು ವಿಶ್ವಸಂಸ್ಥೆಯಿಂದ ಪರಿಹಾರ ಬಂತು, ಮನೆಗೆ ತಾರಸಿ ಆದದ್ದು ಅದರಲ್ಲೇ. ಆ ದುಡ್ಡು ಇರಾಕಿನ ಎಣ್ಣೆ ಮಾರಿದ ದುಡ್ಡಿಂದ ಹಿಡಿದದ್ದು. ಸದ್ದಾಮನ್ನು ಗಲ್ಲಿಗೆ ಹಾಕಿ 15 ವರ್ಷ ಆದ ಮೇಲೂ ಇರಾಕಿನವರು ಕಟ್ತಾನೇ ಇದ್ರು, 2022ರಲ್ಲಿ ಕೊನೆ ಕಂತು ಮುಗಿಯುವಾಗ ಒಟ್ಟು 5,200 ಕೋಟಿ ಡಾಲರ್ ದಾಟಿತ್ತು, ಕುವೈಟಿಗೆ ನುಗ್ಗುವಾಗ ಅವರಲ್ಲಿ ಒಬ್ಬರನ್ನೂ ಯಾರೂ ಕೇಳಿರ್ಲಿಲ್ಲ.