ಕತ್ತೆತ್ತಿ ನೋಡುವ ಕಂಬ, ಬಗ್ಗಿ ನಿಲ್ಲುವ ಕಿಂಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಅರ್ಧದಷ್ಟು ಜನ ಆರ್ಕಿಟೆಕ್ಚರ್ ಓದುತ್ತಿರುವವರು ಅಂತ ಹೇಳಿದರು. ನಾನು ನಕ್ಷೆ ಬರೆಯುವವನಲ್ಲ. ಕಟ್ಟಡಗಳಲ್ಲಿ ಓಡಾಡುವವನು, ಅಷ್ಟೆ. ಜಾಸ್ತಿ ಓಡಾಡಿದ್ದು ಸರ್ಕಾರಿ ಕಟ್ಟಡಗಳಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಏಳನೇ ಕ್ಲಾಸಿನಲ್ಲಿ ನಮ್ಮನ್ನು ಬೆಂಗಳೂರಿಗೆ ಪ್ರವಾಸ ಕರೆತಂದಿದ್ದರು. ವಿಧಾನಸೌಧದ ಎದುರು ಬಸ್ಸು ನಿಂತಿತು. ಇಳಿದು, ರಸ್ತೆಯ ಈಚೆ ಬದಿಯಲ್ಲಿ ಸಾಲಾಗಿ ನಿಂತು, ಕತ್ತೆತ್ತಿ ನೋಡಿದೆವು. ಮೇಷ್ಟ್ರು, "ನೋಡ್ರೋ, ಇದು ನಿಮ್ದೇ" ಅಂದರು. ಒಬ್ಬ ಹುಡುಗ, "ಹಾಗಾದ್ರೆ ಒಳಗೆ ಹೋಗೋಣ ಸಾರ್" ಅಂದ. ಮೇಷ್ಟ್ರು ಅವನನ್ನು ಬಸ್ಸು ಹತ್ತಿಸಿದರು.

ಆ ಹುಡುಗನ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ವಿಧಾನಸೌಧಕ್ಕೆ ಅಡಿಗಲ್ಲು ಬಿದ್ದದ್ದು 1951ರ ಜುಲೈ 13ರಂದು. ಇಟ್ಟವರು ನೆಹರೂ. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ. ಆಗಿನ ಯೋಜನೆ ಸಾಕಷ್ಟು ಸರಳವಾದದ್ದು. ಮರುವರ್ಷ ಕೆಂಗಲ್ ಹನುಮಂತಯ್ಯ ಬಂದರು, ನಕ್ಷೆಯನ್ನೇ ಬದಲಿಸಿಬಿಟ್ಟರು. ಕಾರಣ ತಿಳಿಯಬೇಕಾದರೆ ನೀವು ರಸ್ತೆಯ ಆಚೆ ತಿರುಗಿ ನೋಡಬೇಕು. ಅಲ್ಲಿ ಅಠಾರಾ ಕಚೇರಿ ಇದೆ, ಇವತ್ತಿನ ಹೈಕೋರ್ಟು. 1868ರಲ್ಲಿ ಮುಗಿದದ್ದು, ಬ್ರಿಟಿಷ್ ಕಮಿಷನರುಗಳ ಕಾಲದ್ದು. ಹದಿನೆಂಟು ಇಲಾಖೆ ಇದ್ದದ್ದರಿಂದ ಆ ಹೆಸರು. ಕೆಂಪು ಬಣ್ಣ, ಗ್ರೀಕ್ ಮಾದರಿಯ ಕಂಬಗಳು. ಊರು ನೋಡಲು ಬಂದಿದ್ದ ರಷ್ಯಾದ ನಿಯೋಗವೊಂದು "ನಿಮ್ಮದು ಅನ್ನುವ ಕಟ್ಟಡ ಯಾವುದೂ ಇಲ್ಲವೇ?" ಎಂದು ಕೇಳಿತಂತೆ, ಹನುಮಂತಯ್ಯನವರಿಗೆ ಅದು ನಾಟಿತಂತೆ. ಹೀಗೊಂದು ಕಥೆ ಇದೆ. ಕಥೆ ಏನೇ ಇರಲಿ, ಉತ್ತರ ಕಲ್ಲಿನಲ್ಲಿದೆ. ಪೂರ್ವದ ಮುಖಮಂಟಪದಲ್ಲಿ 40 ಅಡಿ ಎತ್ತರದ 12 ಕಂಬ. ಅದಕ್ಕೆ ಹತ್ತಲು ಒಂದು ಬಯಲಿನಷ್ಟು ಅಗಲದ ಮೆಟ್ಟಿಲು. ಮೇಲೆ ಗುಮ್ಮಟ, ಅದರ ನೆತ್ತಿಗೆ ನಾಲ್ಕು ಸಿಂಹ. ದ್ರಾವಿಡ ದೇವಸ್ಥಾನದ ಕಂಬ, ಕಂಬದ ತಲೆಯ ಬೋದಿಗೆ, ಗೋಪುರ ಎಲ್ಲವನ್ನೂ ಎಂಜಿನಿಯರ್ ಬಿ.ಆರ್. ಮಾಣಿಕ್ಕಂ ತಮ್ಮ ನಕ್ಷೆಯೊಳಗೆ ತಂದರು. ಶಿಲ್ಪಿಗಳ ಜೊತೆ ಜೈಲಿನ ಕೈದಿಗಳೂ ಇಲ್ಲಿ ದುಡಿದರು. ಖರ್ಚಿನ ಬಗ್ಗೆ ದೊಡ್ಡ ಗಲಾಟೆಯೇ ಆಯಿತು. 1956ರಲ್ಲಿ ಕಟ್ಟಡ ಮುಗಿಯುವ ಹೊತ್ತಿಗೆ ಹನುಮಂತಯ್ಯ ಕುರ್ಚಿಯಲ್ಲಿ ಇರಲಿಲ್ಲ.

ಮುಂಭಾಗದಲ್ಲಿ ಅವರು ಕೆತ್ತಿಸಿದ ಮಾತು ನಿಮಗೆಲ್ಲ ಗೊತ್ತು. ಸರ್ಕಾರದ ಕೆಲಸ ದೇವರ ಕೆಲಸ. ಈ ಮಾತನ್ನು ನಾವು ಲಂಚದ ಜೋಕಿಗೆ ಬಳಸಿ ಬಳಸಿ ಸವೆಸಿದ್ದೇವೆ. ನಾನು ಅದನ್ನು ನಕ್ಷೆಯ ಹಾಗೆ ಓದುತ್ತೇನೆ. ಕೆಲಸ ದೇವರದ್ದಾದರೆ ಕಟ್ಟಡ ದೇವಸ್ಥಾನವೇ ಆಗಬೇಕು, ಅಲ್ವಾ? ಆಯಿತು ಕೂಡ. ಆದರೆ ದೇವಸ್ಥಾನ ಅಂದಮೇಲೆ ಒಳಗಿರುವವರು ಪೂಜಾರಿಗಳು, ಹೊರಗೆ ನಿಂತವರು ಭಕ್ತರು. ಭಕ್ತ ಕೈಮುಗಿಯುತ್ತಾನೆ, ಲೆಕ್ಕ ಕೇಳುವುದಿಲ್ಲ. ಪ್ರಜೆ ಲೆಕ್ಕ ಕೇಳಬೇಕಾದವನು. ಹನುಮಂತಯ್ಯ ಅಧಿಕಾರಿಗಳಲ್ಲಿ ಭಯಭಕ್ತಿ ಹುಟ್ಟಲಿ ಅಂತ ಆ ಮಾತು ಬರೆಸಿರಬೇಕು. ಅದು ತಾಗಿದ್ದು ಮಾತ್ರ ರಸ್ತೆಯಲ್ಲಿ ನಿಂತವರಿಗೆ.

ಇನ್ನೊಂದು ವಿಚಿತ್ರ. ದೇವಸ್ಥಾನದಲ್ಲಾದರೂ ಭಕ್ತ ಮಹಾದ್ವಾರದಿಂದಲೇ ಒಳಗೆ ಹೋಗುತ್ತಾನೆ. ಇಲ್ಲಿ ಆ ಭರ್ಜರಿ ಮೆಟ್ಟಿಲು ಇರುವುದು ಸಮಾರಂಭಕ್ಕೆ, ಪ್ರಮಾಣವಚನಕ್ಕೆ. ಅರ್ಜಿ ಹಿಡಿದು ಬಂದವರು ಪಾಸು ಮಾಡಿಸಿಕೊಂಡು ಬೇರೆ ಬಾಗಿಲಲ್ಲಿ ಹೋಗಬೇಕು. ನನಗೆ ಆ ಕಟ್ಟಡ ಇಷ್ಟವಿಲ್ಲ ಅಂತಲ್ಲ. ಸಂಜೆ ಬಿಸಿಲು ಬಿದ್ದಾಗ ಆ ಕಲ್ಲು ನೋಡಿ ಈಗಲೂ ಸುಮ್ನೆ ನಿಂತುಬಿಡುತ್ತೇನೆ. ಇಷ್ಟಪಟ್ಟುಕೊಂಡೇ ಜಗಳ ಆಡುತ್ತಿದ್ದೇನೆ.

ಅದೇ 1951ರಲ್ಲಿ ಚಂಡೀಗಢದಲ್ಲಿ ಫ್ರಾನ್ಸಿನ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕೆಲಸ ಶುರು ಮಾಡಿದರು. ಹಳೆಯದಕ್ಕೆ ಕಟ್ಟುಬೀಳದ ಊರು ಬೇಕು ಅನ್ನುವುದು ನೆಹರೂ ಆಸೆ. ಅಲ್ಲಿ ಕೆತ್ತನೆ ಇಲ್ಲ, ಗೋಪುರ ಇಲ್ಲ. ಬರಿ ಕಾಂಕ್ರೀಟು. ಶಾಸಕಾಂಗಕ್ಕೂ ಹೈಕೋರ್ಟಿಗೂ ನಡುವೆ ದೊಡ್ಡ ಬಯಲು, ಜನ ಓಡಾಡಲಿ ಅಂತ. 1995ರಲ್ಲಿ ಸಚಿವಾಲಯದ ಎದುರೇ ಬಾಂಬು ಸಿಡಿದು ಪಂಜಾಬಿನ ಮುಖ್ಯಮಂತ್ರಿ ಬೇಅಂತ್ ಸಿಂಗ್ ಸತ್ತರು. ಇವತ್ತು ಆ ಬಯಲಿಗೆ ತಂತಿ ಬೇಲಿ, ಕಾವಲು. ನೋಡಿ, ಒಬ್ಬರು ಪರಂಪರೆಯನ್ನು ತಲೆ ಮೇಲೆ ಹೊತ್ತರು, ಇನ್ನೊಬ್ಬರು ಕೆಳಗಿಟ್ಟರು. ಜನ ಮಾತ್ರ ಎರಡೂ ಕಡೆ ಹೊರಗೇ.

ಹಾಗಾದರೆ ಕಲ್ಲಿನಿಂದ ಆಗುವುದೇ ಇಲ್ಲವೇ? ಆಗುತ್ತದೆ. ಬನ್ನೇರುಘಟ್ಟ ರಸ್ತೆಯ ಐಐಎಂಗೆ, ಅದೇ ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಗೆ, ಒಮ್ಮೆ ಹೋಗಿ ಬನ್ನಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಮಾಡಿದ ನಕ್ಷೆ. ಅವರು ಕಾರ್ಬೂಸಿಯೆ ಕೈಕೆಳಗೇ ಪಳಗಿದವರು. ಆದರೆ ಇಲ್ಲಿಗೆ ಬರುವಾಗ ಫತೇಪುರ್ ಸಿಕ್ರಿಯನ್ನೂ ಮದುರೆಯಂಥ ದೇವಸ್ಥಾನದ ಪ್ರಾಕಾರಗಳನ್ನೂ ನೆನೆದರು. ಅದೇ ನಮ್ಮ ಒರಟು ಬೂದು ಕಲ್ಲು, ಗೋಡೆಗಳೂ ಎತ್ತರವೇ. ಆದರೂ ಅಲ್ಲಿ ಕತ್ತೆತ್ತಿ ನೋಡುವುದೇ ಮರೆತುಹೋಗುತ್ತದೆ. ಎದುರಿಗೆ ಬಂದು ನಿಲ್ಲುವ ದೊಡ್ಡ ಮುಖವೇ ಆ ಕಟ್ಟಡಕ್ಕೆ ಇಲ್ಲ. ಇರುವುದು ಓಣಿಗಳು. ಕೆಲವು ಕಡೆ ಮೇಲೆ ಬರಿ ಆಕಾಶ, ಕೆಲವು ಕಡೆ ತೊಲೆಗಳ ನಡುವಿಂದ ಬೀಳುವ ಬಿಸಿಲಿನ ಪಟ್ಟೆ, ಅದರ ಮೇಲೆ ಹಬ್ಬಿದ ಬಳ್ಳಿ. ಪಾಠ ಕ್ಲಾಸಿನೊಳಗೆ ಮಾತ್ರ ನಡೆಯುವುದಿಲ್ಲ ಅನ್ನುವುದು ದೋಶಿಯವರ ನಂಬಿಕೆ. ಅದನ್ನು ಗೋಡೆಯ ಮೇಲೆ ಬರೆಸಲಿಲ್ಲ. ಓಣಿ ಅಗಲ ಮಾಡಿದರು, ಪಕ್ಕದಲ್ಲಿ ಕೂರಲು ಜಾಗ ಬಿಟ್ಟರು. ಮೇಷ್ಟ್ರು, ಹುಡುಗರು ಎದುರುಬದುರಾದಾಗ ನಿಂತು ಮಾತಾಡಲೇಬೇಕು ಅನಿಸುವ ಹಾಗೆ. ಹಾಂ, ಅಲ್ಲೂ ಗೇಟಿದೆ, ವಾಚ್‌ಮನ್ ಇದ್ದಾನೆ. ಅದನ್ನು ಮುಚ್ಚಿಡುವುದಿಲ್ಲ.

ನಿಮ್ಮಲ್ಲಿ ಎಲ್ಲರಿಗೂ ವಿಧಾನಸೌಧ ಕಟ್ಟುವ ಅವಕಾಶ ಸಿಗಲಿಕ್ಕಿಲ್ಲ. ತಾಲ್ಲೂಕು ಕಚೇರಿ, ಆಸ್ಪತ್ರೆ, ಬಸ್ ಸ್ಟ್ಯಾಂಡು ಸಿಗಬಹುದು. ಆಗ ಕಿಂಡಿ ಎಷ್ಟು ಎತ್ತರದಲ್ಲಿ ಇಡುತ್ತೀರಿ ಅನ್ನುವುದೇ ನನ್ನ ಪ್ರಶ್ನೆ.

ಯಾಕೆ ಕೇಳುತ್ತೇನೆ ಅಂದರೆ, ಮೊನ್ನೆ ಪಹಣಿಗಾಗಿ ಒಂದು ಕಚೇರಿಗೆ ಹೋಗಿದ್ದೆ. ಗೋಡೆಗೆ ಗಾಜು, ಗಾಜಿನ ಕೆಳಗೆ ಅರ್ಧಚಂದ್ರದ ಹಾಗೆ ಒಂದು ಕಿಂಡಿ, ಹೊಟ್ಟೆಯ ಮಟ್ಟಕ್ಕೆ. ಒಳಗಿನವರು ಕುರ್ಚಿಯಲ್ಲಿ ಕೂತಿರುತ್ತಾರಲ್ಲ, ಅವರ ಬಾಯಿಗೆ ಸರಿಯಾಗಿ ಇಟ್ಟದ್ದು. ನನ್ನ ಮುಂದೆ ಒಬ್ಬ ಅಜ್ಜ. ಮಾತಾಡಬೇಕಾದರೆ ಅವರು ಸೊಂಟ ಬಗ್ಗಿಸಿ ಆ ಕಿಂಡಿಗೆ ಬಾಯಿ ಕೊಡಬೇಕು, ಉತ್ತರ ಬೇಕಾದರೆ ಕತ್ತು ತಿರುಗಿಸಿ ಕಿವಿ ಕೊಡಬೇಕು. ನಾಲ್ಕು ಸಲ ಬಾಯಿ, ನಾಲ್ಕು ಸಲ ಕಿವಿ. ಕಡೆಗೆ ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು ನನ್ನ ಕಡೆ ತಿರುಗಿದರು. "ಅವ್ರು ಏನಂದ್ರು, ಸ್ವಲ್ಪ ನೀವೇ ಬಗ್ಗಿ ಕೇಳಿ ಹೇಳ್ತೀರಾ?"