‘ಇನ್ನೂ ಆಗಿಲ್ಲೇನು?’

ನಮಸ್ಕಾರ. ದಿನ ತುಂಬಿದ ಬಸುರಿ ಇರುವ ಮನೆಯಲ್ಲಿ ಫೋನು ಸುಮ್ನೆ ಇರುವುದಿಲ್ಲ. ಗಂಗಾವತಿಯಿಂದ ನಾದಿನಿ, ಸಿರುಗುಪ್ಪದಿಂದ ಚಿಗವ್ವ, ಮಾನ್ವಿಯಿಂದ ಯಾರೋ ದೂರದ ಅತ್ತೆ, ಎಲ್ಲರದೂ ಒಂದೇ ಮಾತು: ‘ಇನ್ನೂ ಆಗಿಲ್ಲೇನು?’ ಸಾಲ ತೀರಿಸದೆ ಕೂತವಳ ಹಾಗೆ ನಾಚಿಕೆಯಾಗುತ್ತದೆ. ಆ ಫೋನಿನ ಬೆನ್ನಿಗೇ ಮದ್ದೂ ಬರುತ್ತದೆ. ಔಡಲ ಎಣ್ಣೆ ಕುಡಿ, ಜೀರಿಗೆ ಕಷಾಯ ಕುಡಿ, ಖಾರ ತಿನ್ನು, ಕೂತು ಕಸ ಗುಡಿಸು, ಮೆಟ್ಟಿಲು ಹತ್ತಿಳಿ. ಇವತ್ತು ಈ ಮದ್ದುಗಳ ಬಗ್ಗೆಯೇ ನಾಲ್ಕು ಮಾತು. ನಾನು ಡಾಕ್ಟರಲ್ಲ, ಎರಡು ಹೆತ್ತವಳು, ಅದರಲ್ಲಿ ಒಂದಕ್ಕೆ ಔಡಲ ಎಣ್ಣೆ ಕುಡಿದು ಪಾಠ ಕಲಿತವಳು.

ಮೊದಲು ಹೆರಿಗೆ ತಾರೀಖಿನ ಕತೆ ಹೇಳಿಬಿಡುತ್ತೇನೆ. ನಮ್ಮ ಹಿರಿಯರ ಲೆಕ್ಕ ಒಂಬತ್ತು ತಿಂಗಳು ಒಂಬತ್ತು ದಿನ. ಡಾಕ್ಟರ ಲೆಕ್ಕ ಕಡೆಯ ಮುಟ್ಟಿನ ಮೊದಲ ದಿನದಿಂದ ಒಂಬತ್ತು ತಿಂಗಳು ಏಳು ದಿನ, ಅಂದರೆ 280 ದಿನ, 40 ವಾರ. ಎರಡಕ್ಕೂ ಫರಕು ಎರಡೇ ದಿನ, ಅಜ್ಜಿಯರು ಕಡಿಮೆಯವರಲ್ಲ. ಆದರೆ ತಾಯಿ ಕಾರ್ಡಿನಲ್ಲಿ ಬರೆದ ಆ ತಾರೀಖಿನಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೋ ಐದೋ ಅಷ್ಟೇ. ಆ ಲೆಕ್ಕ ಇರುವುದು 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ. 35 ದಿನಕ್ಕೆ ಮುಟ್ಟಾಗುವವಳಾದರೆ ತಾರೀಖು ಒಂದು ವಾರ ಮುಂದೆ ಹೋಗುತ್ತದೆ. ಇನ್ನು ನಾವು ಆ ದಿನವನ್ನು ನೆನಪಿಡುವುದಾದರೂ ಹೇಗೆ? ‘ಪಂಚಮಿಗೆ ಜೋಕಾಲಿ ಆಡುವಾಗ ಮುಟ್ಟಾಗಿದ್ದೆ’ ಅಂತ ನಾನು ಹೇಳಿದೆ, ನರ್ಸಕ್ಕ ಕ್ಯಾಲೆಂಡರ್ ನೋಡಿ ಬರೆದುಕೊಂಡರು. ಹಬ್ಬದ ಮುಂಚೆಯೋ ಹಬ್ಬ ಆದ ಮೇಲೋ ನನಗೇ ಗೊತ್ತಿಲ್ಲ. ಮೂರು ತಿಂಗಳೊಳಗೆ ಒಂದು ಸ್ಕ್ಯಾನಿಂಗ್ ಆಗಿದ್ದರೆ ಆ ತಾರೀಖನ್ನು ನಂಬಬಹುದು. ನಾನು ಅದನ್ನೂ ಮಾಡಿಸಿರಲಿಲ್ಲ.

ಹೀಗೆ ಹಬ್ಬದ ಲೆಕ್ಕದ ಮೇಲೆ ನಿಂತ ತಾರೀಖು ದಾಟಿ ಮೂರು ದಿನವಾಯಿತು. ಸಿಂಧನೂರು ಹತ್ತಿರದ ತವರೂರು, ಮೇ ತಿಂಗಳು, ಬಿಸಿಲು 40 ಡಿಗ್ರಿ ದಾಟಿ ಉರಿಯುತ್ತಿತ್ತು. ಕಾಲು ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಪಕ್ಕದ ಮನೆಯ ಅಮ್ಮ ಬಂದು ‘ಔಡಲ ಎಣ್ಣಿ ಕುಡಿಸ್ರಿ, ಬೆಳಗಾಗೂದ್ರಾಗ ಕೂಸು ಕೈಯಾಗಿರ್ತೈತಿ’ ಅಂದರು. ಔಡಲ ಅಂದರೆ ಬೆಂಗಳೂರು ಕಡೆ ಹರಳೆಣ್ಣೆ ಅಂತಾರಲ್ಲ, ಅದೇ. ಹೊಲದ ಬದುವಿನ ಗಿಡದ ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ ಮೇಲೆ ತೇಲಿದ್ದನ್ನು ತೆಗೆದ ಎಣ್ಣೆ. ಕೂಸಿನ ನೆತ್ತಿಗೆ ಹಚ್ಚುವ ಎಣ್ಣೆ ತಾನೇ, ಏನಾಗುತ್ತದೆ ಅಂದುಕೊಂಡೆ. ಬಿಸಿ ಹಾಲಿಗೆ ಹಾಕಿ, ಮೂಗು ಮುಚ್ಚಿಕೊಂಡು ಕುಡಿದೆ.

ರಾತ್ರಿ ಎರಡು ಗಂಟೆಯಿಂದ ಶುರುವಾಯಿತು. ಹೆರಿಗೆ ಬ್ಯಾನಿ ಅಲ್ಲ, ಭೇದಿ. ತಂಬಿಗೆ ಹಿಡಿದು ಹೋಗುವುದು ಬರುವುದು, ನಡುವೆ ವಾಂತಿ. ಹೊಟ್ಟೆ ಹಿಂಡಿದಾಗಲೆಲ್ಲ ಅವ್ವ ‘ಬಂತು ಬಂತು’ ಅಂತ ಎದ್ದು ಕೂರುತ್ತಿದ್ದಳು. ಬೆಳಗಾದಾಗ ಕೂಸು ಕೈಯಲ್ಲಿರಲಿಲ್ಲ, ಕೈಗೆ ಗ್ಲೂಕೋಸ್ ಬಾಟಲಿ ಹಚ್ಚಿದ್ದರು. ಬೈದ ಡಾಕ್ಟರಮ್ಮನ ಮುಖ ಇನ್ನೂ ನೆನಪಿದೆ. ಮಗ ಹುಟ್ಟಿದ್ದು ಅದಾಗಿ ಐದು ದಿನಕ್ಕೆ, ತಾನಾಗಿ ಬ್ಯಾನಿ ಬಂದು.

ಹಾಗಂತ ಔಡಲ ಎಣ್ಣೆ ಪೂರಾ ಸುಳ್ಳು ಅನ್ನಲು ಬರುವುದಿಲ್ಲ, ತೊಂದರೆ ಇರುವುದೇ ಅಲ್ಲಿ. ಹೊಟ್ಟೆಯೊಳಗೆ ಹೋದ ಎಣ್ಣೆ ಒಡೆದು ರಿಸಿನೋಲಿಕ್ ಆಮ್ಲ ಆಗುತ್ತದೆ. ಅದು ಕರುಳನ್ನು ಹಿಂಡುತ್ತದೆ, ಗರ್ಭಕೋಶವನ್ನೂ ಹಿಂಡಬಲ್ಲದು. ಇಲಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ 2012ರಲ್ಲಿ ಇದು ಕಂಡುಬಂತು. ಕೆಲವರಿಗೆ ಬ್ಯಾನಿ ಬಂದೂ ಬಿಡುತ್ತದೆ, ಅವರ ಕತೆಯೇ ಊರೆಲ್ಲ ಓಡಾಡುತ್ತದೆ. ನನ್ನಂಥವರ ತಂಬಿಗೆ ಕತೆಯನ್ನು ಯಾರು ಹೇಳುತ್ತಾರೆ? ಎಷ್ಟು ಕುಡಿದರೆ ಎಷ್ಟು ಹಿಂಡುತ್ತದೆ ಅನ್ನುವುದು ಮನೆಯಲ್ಲಿ ಯಾರ ಹಿಡಿತದಲ್ಲೂ ಇರುವುದಿಲ್ಲ. ರಾಯಚೂರಿನ ಬಿಸಿಲಲ್ಲಿ ಮೈಯ ನೀರೆಲ್ಲ ಹೋದವಳು ಮರುದಿನ ಹೆರಲು ಶಕ್ತಿ ಎಲ್ಲಿಂದ ತರಬೇಕು? ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರಂತೂ ಹಳೆಯ ಹೊಲಿಗೆಯ ಜಾಗ ಬಿರಿಯುವ ಭಯ ಇರುತ್ತದೆ. ಮುಟ್ಟಲೇಬೇಡಿ.

ಖಾರದ ವಿಷಯ. ಮಿರ್ಚಿ ತಿಂದರೆ ಹೆರಿಗೆ ಆಗುವುದಾದರೆ ಕೊಪ್ಪಳ, ಬಳ್ಳಾರಿಯಲ್ಲಿ ಒಬ್ಬಳೂ ಒಂಬತ್ತು ತಿಂಗಳು ಮುಟ್ಟುತ್ತಿರಲಿಲ್ಲ. ಅನಾನಸ್, ಪಪ್ಪಾಯಿ ಹಣ್ಣು ತಿಂದು ಬ್ಯಾನಿ ಬಂತು ಅನ್ನುವುದಕ್ಕೂ ಆಧಾರವಿಲ್ಲ. ಹಾಲು ಸೋರುವ ಹಸಿ ಪಪ್ಪಾಯಿಕಾಯಿ ಮಾತ್ರ ಬೇಡ.

ಜೀರಿಗೆ ಕಷಾಯದ ಮೇಲೆ ನನಗೆ ಪ್ರೀತಿ ಇದೆ. ನಮ್ಮ ಅಜ್ಜಿ ಅದನ್ನು ಬ್ಯಾನಿ ಬರಿಸಲು ಕೊಡುತ್ತಿರಲಿಲ್ಲ, ಪರೀಕ್ಷೆಗೆ ಕೊಡುತ್ತಿದ್ದಳು. ಕುಡಿದು ಮಲಗಿದ ಮೇಲೆ ನೋವು ಇಳಿದರೆ ಸುಳ್ಳು ಬ್ಯಾನಿ, ಏರಿದರೆ ಖರೆ ಬ್ಯಾನಿ. ಇದರಲ್ಲಿ ಜೀರಿಗೆಯ ಪಾಲು ಎಷ್ಟೋ, ಕೆಲಸ ಮಾಡುವುದು ನೀರು ಮತ್ತು ವಿಶ್ರಾಂತಿ. ಮೈಯಲ್ಲಿ ನೀರು ಕಡಿಮೆಯಾದಾಗ ಸುಳ್ಳು ಬ್ಯಾನಿ ಜಾಸ್ತಿ, ನೀರು ಕುಡಿದು ಎಡಕ್ಕೆ ಹೊರಳಿ ಮಲಗಿದರೆ ಅದು ಇಳಿಯುತ್ತದೆ. ಖರೆ ಬ್ಯಾನಿ ಏನು ಮಾಡಿದರೂ ಬಿಡುವುದಿಲ್ಲ, ಹತ್ತಿರ ಹತ್ತಿರ ಬರುತ್ತದೆ.

ಸ್ವಲ್ಪವಾದರೂ ಆಧಾರ ಇರುವುದು ಖರ್ಜೂರಕ್ಕೆ. ಜೋರ್ಡಾನ್ ದೇಶದಲ್ಲಿ ಕಡೆಯ ನಾಲ್ಕು ವಾರ ದಿನಕ್ಕೆ ಆರು ಖರ್ಜೂರ ತಿಂದ ಹೆಂಗಸರನ್ನು, ತಿನ್ನದವರನ್ನು ಹೋಲಿಸಿ ನೋಡಿದ್ದರು. 2011ರಲ್ಲಿ ಅದು ಪ್ರಕಟವಾಯಿತು. ತಿಂದವರು ಆಸ್ಪತ್ರೆಗೆ ಬರುವಷ್ಟರಲ್ಲಿ ಗರ್ಭದ ಬಾಯಿ ಜಾಸ್ತಿ ತೆರೆದಿತ್ತು, ಬ್ಯಾನಿ ಬರಿಸುವ ಔಷಧ ಕಡಿಮೆ ಜನಕ್ಕೆ ಬೇಕಾಯಿತು. ನೂರು ಚಿಲ್ಲರೆ ಹೆಂಗಸರ ಸಣ್ಣ ಅಧ್ಯಯನ, ಹಾಗಾಗಿ ಮಂತ್ರದಂಡ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ ಇದ್ದವರು ಕೇಳಿಯೇ ತಿನ್ನಿ.

ನಡೆದಾಡುವುದು ಒಳ್ಳೆಯದು, ಸಂಜೆ ತಂಪಿಗೆ. ಗಂಡ ಹೆಂಡತಿ ಕೂಡುವುದರಿಂದ ಬ್ಯಾನಿ ಬರುತ್ತದೆ ಎಂದು ಪಕ್ಕಾ ಆಗಿಲ್ಲ. ನೀರು ಒಡೆದಿದ್ದರೆ, ಮಾಸು ಕೆಳಗಿದ್ದರೆ ಅದು ಬೇಡವೇ ಬೇಡ. ಮೊಲೆತೊಟ್ಟು ಉಜ್ಜಿದರೆ ಮೈಯಲ್ಲೇ ಆಕ್ಸಿಟೋಸಿನ್ ಹುಟ್ಟುತ್ತದೆ, ಅದು ಗರ್ಭಕೋಶವನ್ನು ಹಿಂಡುತ್ತದೆ. ಇದು ನಿಜವೇ, ಆದರೆ ಗರ್ಭದ ಬಾಯಿ ಆಗಲೇ ಮೆತ್ತಗಾಗಿರಬೇಕು. ಬಿಪಿ, ಹಳೆಯ ಸಿಸೇರಿಯನ್ ಇದ್ದವರು ಡಾಕ್ಟರನ್ನು ಕೇಳದೆ ಮಾಡಬಾರದು.

ನನಗೆ ಔಡಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವುದು ‘ಸೂಜಿ’. ಡಿಗ್ರಿ ಇಲ್ಲದ ಯಾರೋ ಮನೆಗೆ ಬಂದು ‘ಒಂದು ಇಂಜೆಕ್ಷನ್ ಹಾಕ್ತೀನಿ, ಲಗೂನ ಆಗ್ತೈತಿ’ ಅಂತಾರೆ. ಅದರಲ್ಲಿರುವುದು ಆಕ್ಸಿಟೋಸಿನ್, ಎಮ್ಮೆ ಹಾಲು ಇಳಿಸಲೆಂದು ಕೆಲವರು ಕದ್ದು ಹಾಕುತ್ತಾರಲ್ಲ, ಅದೇ. ಆಸ್ಪತ್ರೆಯಲ್ಲಿ ಅದನ್ನು ಡ್ರಿಪ್ಪಿನಲ್ಲಿ ಹನಿ ಹನಿಯಾಗಿ, ಕೂಸಿನ ಎದೆಬಡಿತ ನೋಡುತ್ತಾ ಕೊಡುತ್ತಾರೆ. ಮನೆಯಲ್ಲಿ ಒಮ್ಮೆಲೇ ಚುಚ್ಚಿದರೆ ಗರ್ಭಕೋಶ ಬಿರಿಯಬಹುದು, ಕೂಸಿಗೆ ಉಸಿರು ಕಟ್ಟಬಹುದು. ಅಂಥವರನ್ನು ಹೊಸ್ತಿಲು ದಾಟಿಸಬೇಡಿ.

ಹಾಗಾದರೆ ಎಷ್ಟು ದಿನ ಕಾಯುವುದು? 39 ವಾರ ಆಗುವ ಮೊದಲು ಸುಮ್ನೆ ಅವಸರ ಮಾಡುವುದು ಬೇಡ, ಕೂಸಿನ ಮಿದುಳು, ಶ್ವಾಸಕೋಶ ಆಗಲೂ ಬಲಿಯುತ್ತಿರುತ್ತವೆ. 41 ವಾರ ತುಂಬಿದರೆ ಕಾಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ, ಅಲ್ಲಿ ಬ್ಯಾನಿ ಬರಿಸುತ್ತಾರೆ. ಆದರೆ ಕೂಸಿನ ಒದೆತ ಕಡಿಮೆಯಾದರೆ, ರಕ್ತ ಕಂಡರೆ, ನೀರು ಒಡೆದರೆ, ಅದರಲ್ಲೂ ಹಸಿರು ಬಣ್ಣದ ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ ವಾರ ಎಣಿಸುವ ಮಾತೇ ಇಲ್ಲ. ರಾತ್ರಿ ಎಷ್ಟೊತ್ತಾದರೂ 108ಕ್ಕೆ ಫೋನ್ ಮಾಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ ಎಲ್ಲ ಉಚಿತ. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರಿಗೆಂದೇ ಡಾಕ್ಟರ ತಪಾಸಣೆ ಇರುತ್ತದೆ, ‘ಇನ್ನೂ ಆಗಿಲ್ಲ’ ಅನ್ನುವ ಚಿಂತೆಯನ್ನು ಅಲ್ಲಿ ಹೇಳಿಕೊಳ್ಳಿ.

ಎರಡನೇ ಸಲ ನಾನೊಂದು ಉಪಾಯ ಮಾಡಿದೆ. ಡಾಕ್ಟರಿಗೆ, ಆಶಾ ಅಕ್ಕನಿಗೆ, ಗಂಡನಿಗೆ, ಅವ್ವನಿಗೆ ನಿಜವಾದ ತಾರೀಖು. ಉಳಿದ ಬಳಗಕ್ಕೆಲ್ಲ ಹದಿನೈದು ದಿನ ಮುಂದಿನ ತಾರೀಖು. ಒಂದು ಫೋನೂ ಬರಲಿಲ್ಲ, ಒಂದು ಚಮಚ ಎಣ್ಣೆಯೂ ಮನೆಗೆ ಬರಲಿಲ್ಲ. ಮಗಳು ನಿಜವಾದ ತಾರೀಖು ದಾಟಿ ನಾಲ್ಕನೇ ದಿನಕ್ಕೆ ಹುಟ್ಟಿದಳು. ಸಿರುಗುಪ್ಪದ ಚಿಗವ್ವ ಮಾತ್ರ ಇವತ್ತಿಗೂ ಅವಳನ್ನು ಕಂಡಾಗಲೆಲ್ಲ ‘ದಿನಾ ತುಂಬದ ಹುಟ್ಟಿದ ಕೂಸು, ಅದಕ್ಕ ಹಿಂಗ ತೆಳ್ಳಗೈತಿ’ ಅಂತಾಳೆ.